ಹಳೆಯ ದೀಪದಲ್ಲೇ 30 ದಾಟಿಸಿದ ಬಗೆ

ನಮ್ಮದು ತಾಲ್ಲೂಕಿನ ಚಿಕ್ಕ ಆಸ್ಪತ್ರೆ. ನವಜಾತ ಶಿಶುಗಳ ಕಾಮಾಲೆ ಇಳಿಯದಿದ್ದರೆ ಮೂರು ಗಂಟೆ ದೂರದ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವುದೇ ರೂಢಿಯಾಗಿತ್ತು. ಕಾಮಾಲೆ ಇಳಿಸಲು ಮಗುವಿನ ಮೈಮೇಲೆ ನೀಲಿ ಬೆಳಕು ಬೀರುವ ಹಳೆಯ ಸಿಎಫ್‌ಎಲ್ ಯಂತ್ರವನ್ನೇ (ಫೋಟೋಥೆರಪಿ) ಸರಿಪಡಿಸುತ್ತೇನೆ ಎಂದಾಗ, ಎಲ್‌ಇಡಿ ಯಂತ್ರ ಕೊಳ್ಳದೆ ಆಗದ ಮಾತು ಎಂದು ಸಹೋದ್ಯೋಗಿಗಳು ತಲೆಯಾಡಿಸಿದರು.

ಮೊದಲು ಕೊಂಡದ್ದು ಫ್ಲಕ್ಸ್ ಮೀಟರ್, ಮಗುವಿನ ಮೇಲೆ ಬೀಳುವ ಬೆಳಕಿನ ತೀವ್ರತೆ ಅಳೆಯುವ ಸಾಧನ. ತೀವ್ರ ಕಾಮಾಲೆಗೆ ಅದು ಕನಿಷ್ಠ 30 (ಚದರ ಸೆಂ.ಮೀ.ಗೆ, ನ್ಯಾನೋಮೀಟರಿಗೆ ಇಷ್ಟು ಮೈಕ್ರೋವ್ಯಾಟ್) ತೋರಿಸಬೇಕು. ಸುಮಾರು 40 ಸಾವಿರ ಹೋಯಿತು. ಕಣ್ಣಿಗೆ ಧಗಧಗಿಸುತ್ತಿದ್ದ ದೀಪ ಮಗುವಿನ ಹೊಟ್ಟೆಯ ಮಟ್ಟದಲ್ಲಿ ಕೊಡುತ್ತಿದ್ದದ್ದು ಬರೀ 7–8. ಅಗ್ಗವೆಂದು ಪೇಟೆಯಿಂದ ತರಿಸಿದ ನೀಲಿ ಎಲ್‌ಇಡಿ ಪಟ್ಟಿಗಳು 5ನ್ನೂ ಮುಟ್ಟಲಿಲ್ಲ. ನೀಲಿಯಾಗಿ ಕಂಡರೆ ಸಾಲದು, 460–490 ನ್ಯಾನೋಮೀಟರಿನ ಬೆಳಕೇ ಬೇಕು. ಅಲ್ಲಿ ಐದಾರು ಸಾವಿರ ಮಣ್ಣುಪಾಲಾಯಿತು.

ವಿಶೇಷ ನೀಲಿ ದೀಪಗಳನ್ನು ಹೊಸದಾಗಿ ಹಾಕಿದಾಗ 14ರ ಹತ್ತಿರ ಬಂತು. 45 ಸೆಂ.ಮೀ. ಇದ್ದ ಅಂತರವನ್ನು 30ಕ್ಕೆ ಇಳಿಸಿದೆ, 22 ಆಯಿತು. (ಹ್ಯಾಲೊಜೆನ್ ದೀಪ ಇರುವವರು ಹೀಗೆ ಇಳಿಸಬೇಡಿ, ಚರ್ಮ ಸುಡುತ್ತದೆ.) ಆಮೇಲೆ ಮೂರು ಬದಿಗೆ ಅಚ್ಚ ಬಿಳಿ ಹತ್ತಿ ಬಟ್ಟೆ ಇಳಿಬಿಟ್ಟೆ, ಖರ್ಚು 300 ರೂಪಾಯಿ ಇರಬಹುದು. ಮೀಟರ್ 30 ದಾಟಿತು! ಬಟ್ಟೆಯನ್ನು ವಾಲಿಸುವ ಓರೆಯಲ್ಲೊಂದು ಗುಟ್ಟಿದೆ. ಅದನ್ನು ವಾರ್ಡಿಗೆ ಬಂದವರಿಗಷ್ಟೇ ತೋರಿಸುತ್ತೇನೆ. ಬಟ್ಟೆಯ ಬದಲು ಅಲ್ಯೂಮಿನಿಯಂ ಹಾಳೆಯನ್ನೂ ಕಟ್ಟಿ ನೋಡಿದೆ. ಅಂಕಿ ಇನ್ನಷ್ಟು ಏರಿತು, ಆದರೆ ಮಗುವಿನ ಮೈಬಿಸಿಯೂ ಏರಿತು, ದಾದಿಯರ ಕಣ್ಣು ಕುಕ್ಕಿತು. ಕಿತ್ತುಹಾಕಿದೆ.

ಒಮ್ಮೆ ಓ ಗುಂಪಿನ ತಾಯಿ, ಎ ಗುಂಪಿನ ಮಗು; ರಕ್ತದ ಗುಂಪು ಹೊಂದದೆ ಕಾಮಾಲೆ ಏರಿತ್ತು. ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ ರಕ್ತದಲ್ಲಿ 19ರ ಆಸುಪಾಸು. ರಕ್ತ ಬದಲಾವಣೆಗೆ ಕಳುಹಿಸಲು ಆಂಬುಲೆನ್ಸ್ ಬಾಗಿಲಲ್ಲಿ ನಿಲ್ಲಿಸಿಕೊಂಡೇ ದೀಪ ಹಚ್ಚಿದೆ. ಐದಾರು ಗಂಟೆಗಳಲ್ಲಿ 17, ಬೆಳಿಗ್ಗೆ 15. ಆಂಬುಲೆನ್ಸ್ ಖಾಲಿ ಹಿಂದಿರುಗಿತು. ತಲೆಯಾಡಿಸಿದವರೇ ಈಗ ಅಳತೆ ಕೇಳಿ ಫೋನ್ ಮಾಡುತ್ತಾರೆ.

ಇನ್ನೊಂದು ಮಗುವಿಗೆ ದೀಪ ಆರಿಸಿದೊಡನೆ ಕಾಮಾಲೆ ಮತ್ತೆ ಏರುತ್ತಿತ್ತು, ಅದನ್ನು ಇಳಿಸಲು ಕೊಟ್ಟ ಫಿನೋಬಾರ್ಬಿಟೋನ್ ಔಷಧಿಗೂ ಜಗ್ಗಲಿಲ್ಲ. ಜೀನ್ ಪರೀಕ್ಷೆಯಲ್ಲಿ ಕ್ರಿಗ್ಲರ್–ನಜ್ಜಾರ್ ಮೊದಲ ವಿಧ, ಅಂದರೆ ಬಿಲಿರುಬಿನ್ ಹೊರಹಾಕಲು ಬೇಕಾದ ಯಕೃತ್ತಿನ ಕಿಣ್ವವೇ ಇಲ್ಲದ ಹುಟ್ಟುಕಾಯಿಲೆ ಎಂದು ತಿಳಿಯಿತು. ಯಕೃತ್ತಿನ ಕಸಿ ಆಗುವವರೆಗೆ ದಿನಕ್ಕೆ 10–12 ಗಂಟೆ ಬೆಳಕು ಬೇಕೇ ಬೇಕು. ಇದೇ ಅಳತೆಯಲ್ಲಿ ಮನೆಗೊಂದು ಚೌಕಟ್ಟು ಮಾಡಿಸಿಕೊಟ್ಟಿದ್ದೇವೆ, ಇನ್ವರ್ಟರ್ ಸಮೇತ. ದೀಪ ಉರಿದ ಗಂಟೆಗಳನ್ನು ತಾಯಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ದೀಪ ಹಳತಾದಂತೆ ಬೆಳಕು ಕುಂದುವುದರಿಂದ, ಸಾವಿರ ಗಂಟೆ ದಾಟುವ ಹೊತ್ತಿಗೆ ನಾನು ಮೀಟರ್ ಹಿಡಿದು ಹೋಗುತ್ತೇನೆ.