6 ಜನ ಸ್ಟಾರ್‌ಗಳಿದ್ದ ಕ್ರೈಮ್ ಸಿನಿಮಾನ ಎಡಿಟ್ ಟೇಬಲ್ ಮೇಲೆ ಬಿಡಿಸಿದ್ದು: ನನ್ನ ಅನುಭವ

ಮೊದಲ ರಫ್ ಕಟ್, ಅಂದ್ರೆ ಶೂಟ್ ಆದ ಸೀನ್‌ಗಳನ್ನ ಜೋಡಿಸಿದ ಕಚ್ಚಾ ರೂಪ, 3 ಗಂಟೆ 26 ನಿಮಿಷ ಬಂತು. ಸಿನಿಮಾ ಹೆಸರು ಬೇಡ. ತೆರೆ ಮೇಲೆ ಬಂದ್ರೆ ಶಿಳ್ಳೆ ಬೀಳೋ ನಟರೇ 6 ಜನ, ಒಬ್ಬೊಬ್ರಿಗೂ ಒಂದು ಎಂಟ್ರಿ, ಒಂದು ಫ್ಲ್ಯಾಶ್‌ಬ್ಯಾಕ್, ಒಂದು ಫೈಟು, ಹಾಗಾಗಿ ನಿಜವಾದ ಕಥೆ ಶುರುವಾಗೋದೇ 41ನೇ ನಿಮಿಷಕ್ಕೆ. ನಮಗೆ ಕಾಫಿ ತಂದುಕೊಡೋ ಹುಡುಗನ್ನ ಕೂರಿಸಿ ತೋರಿಸ್ದೆ, ಇಂಟರ್ವಲ್‌ನಲ್ಲಿ ನಿಲ್ಲಿಸಿ ಯಾರು ಯಾರಿಗೆ ಏನಾಗ್ಬೇಕು ಹೇಳಪ್ಪ ಅಂದ್ರೆ, ಇಬ್ಬರ ಬಗ್ಗೆ ಮಾತ್ರ ಹೇಳಿದ, ಮಿಕ್ಕವರದ್ದು ನಟರ ಹೆಸರು ಗೊತ್ತು ಅಷ್ಟೇ, ಪಾತ್ರ ಯಾವುದು ಅಂತ ಗೊತ್ತಿಲ್ಲ.

ಅವತ್ತೇ ಗೋಡೆ ಮೇಲೆ ಸೀನಿಗೊಂದು ಚೀಟಿ ಅಂಟಿಸಿದೆ, ಒಟ್ಟು 118. ಸೀನಲ್ಲಿ ಏನಾಗತ್ತೆ ಅಂತ ಬರೀಲಿಲ್ಲ, ಯಾರಿಗೆ ಯಾವ ಹೊಸ ವಿಷಯ ಗೊತ್ತಾಗತ್ತೆ ಅಂತ ಒಂದೇ ಸಾಲು ಬರೆದೆ. ಆಗ ಕಣ್ಣಿಗೆ ಬಿತ್ತು, ಲಾರಿಲಿ ಹೋದ ಹಣ ಕಾಣೆ ಆಗಿದೆ ಅನ್ನೋ ಒಂದೇ ವಿಷಯನ 9 ಸೀನಲ್ಲಿ ಹೇಳ್ತಿದಾರೆ, ಯಾಕಂದ್ರೆ ಒಬ್ಬೊಬ್ಬ ನಟನ ಕಾಲ್‌ಶೀಟ್ ಸಿಕ್ಕಿದ ದಿನ ಅವರಿಗೂ ಆ ವಿಷಯದ ಮೇಲೊಂದು ಡೈಲಾಗ್ ಬೇಕು ಅಂತ ಬರೆದು ಸೇರಿಸಿದ್ದು. 9ರಲ್ಲಿ 2 ಉಳಿಸ್ದೆ.

ಆದ್ರೂ ದಾರಿ ಕಾಣ್ತಿರ್ಲಿಲ್ಲ. ಆಗ ಎಲ್.ಎ. ಕಾನ್ಫಿಡೆನ್ಷಿಯಲ್ ನೆನಪಾಯ್ತು. ಜೇಮ್ಸ್ ಎಲ್ರಾಯ್ ಅವರ 1990ರ ಆ ಕಾದಂಬರಿಲಿ ಎಷ್ಟೊಂದು ಜನ, ಎಷ್ಟೊಂದು ಕೇಸು, ಸುಮಾರು 8 ವರ್ಷದ ಕಥೆ. ಅದನ್ನ ಸಿನಿಮಾ ಮಾಡೋವಾಗ ಡೈರೆಕ್ಟರ್ ಕರ್ಟಿಸ್ ಹ್ಯಾನ್ಸನ್, ಜೊತೆಗೆ ಚಿತ್ರಕಥೆ ಬರೆದ ಬ್ರಯಾನ್ ಹೆಲ್ಗೆಲ್ಯಾಂಡ್ ಸೇರಿ, ಕಥೆಯ ಮುಖ್ಯ ಪಾತ್ರಗಳಾದ ಮೂವರು ಪೊಲೀಸರು ಇಲ್ಲದ ಸೀನ್‌ಗಳನ್ನೆಲ್ಲ ಮೊದಲು ತೆಗೆದು, ಉಳಿದ ಸೀನ್‌ಗಳ ಸುತ್ತ ಕಥೆ ಕಟ್ಟಿದ್ರು. 1997ರಲ್ಲಿ ಬಂದ ಆ ಸಿನಿಮಾ 138 ನಿಮಿಷ, ಚಿತ್ರಕಥೆಗೆ ಆಸ್ಕರ್ ಬಂತು. ಅವರು ಪೇಪರ್ ಮೇಲೆ ಮಾಡಿದ್ದನ್ನ ನಾನು ಶೂಟ್ ಆಗಿರೋ ಫೂಟೇಜ್ ಮೇಲೆ ಮಾಡ್ಬೇಕಿತ್ತು, ಅದು ಕಷ್ಟ, ಯಾಕಂದ್ರೆ ಇಲ್ಲಿ ಇಲ್ಲದ ಸೀನನ್ನ ಬರೆಯೋಕಾಗಲ್ಲ.

ನಮ್ಮ ಕಥೆ ಇಬ್ಬರು ಅಣ್ಣತಮ್ಮಂದಿರದ್ದು ಅಂತ ಡೈರೆಕ್ಟರ್ ಹತ್ರ ಒಪ್ಪಿಸೋಕೇ 4 ದಿನ ಹಿಡೀತು. ಒಪ್ಪಿದ್ಮೇಲೆ ಆ ಇಬ್ಬರಿಗೂ ತಾಗದ ಸೀನ್ ಎಲ್ಲ ಪಕ್ಕಕ್ಕಿಟ್ಟೆ. ಎಂಟ್ರಿಗಳನ್ನ ಪೂರ್ತಿ ತೆಗೆಯೋ ಹಾಗಿಲ್ಲ, ಅಭಿಮಾನಿಗಳು ಅದಕ್ಕೇ ಬರೋದು, ಅದು ತಪ್ಪೂ ಅಲ್ಲ. 2 ಎಂಟ್ರಿನ ಇಂಟರ್ವಲ್ ಆದ್ಮೇಲಕ್ಕೆ ತಳ್ಳಿದೆ, ಉಳಿದವಕ್ಕೆ ಸ್ಲೋ ಮೋಷನ್ ಅರ್ಧ ಮಾಡಿ, ಎಂಟ್ರಿ ಕೊಟ್ಟ ತಕ್ಷಣ ಅವನು ಅಣ್ಣನ ಕಡೆಯೋ ತಮ್ಮನ ಕಡೆಯೋ ಗೊತ್ತಾಗೋ ಹಾಗೆ ಒಂದು ಸಾಲು ಡಬ್ ಮಾಡಿಸ್ದೆ. ಬೆನ್ನು ಕಾಣೋ ಶಾಟ್ ಸಿಕ್ರೆ ಚಿನ್ನ ಇದ್ದಂಗೆ, ಬಾಯಿ ಕಾಣಲ್ಲ, ಏನು ಬೇಕಾದ್ರೂ ಹೇಳಿಸ್ಬಹುದು.

ಇನ್ನೊಂದು ತೊಂದರೆ ಹೆಸರುಗಳದ್ದು. ರಾಜಣ್ಣ ಅಂತ ಒಬ್ಬ, ರಾಜು ಅಂತ ಇನ್ನೊಬ್ಬ, ಕೇಳೋರಿಗೆ ಕಲಸಿಹೋಗ್ತಿತ್ತು. ಡಬ್ಬಿಂಗ್‌ನಲ್ಲಿ ರಾಜಣ್ಣನ್ನ ನಾಗಣ್ಣ ಮಾಡಿದ್ವಿ. ಮ, ಪ, ಬ ಬಂದ್ರೆ ತುಟಿ ಮುಚ್ಚತ್ತೆ, ಕ್ಲೋಸಪ್‌ನಲ್ಲಿ ಸಿಕ್ಕಿಬೀಳ್ತೀವಿ, ರಾಜಣ್ಣ ನಾಗಣ್ಣ ಎರಡಕ್ಕೂ ತುಟಿ ತೆರೆದೇ ಇರತ್ತೆ, ಯಾರಿಗೂ ಗೊತ್ತಾಗ್ಲಿಲ್ಲ.

ಹೊಟ್ಟೆ ಉರಿದಿದ್ದು ಒಂದೇ ಸೀನಿಗೆ. ಹಿರಿಯ ನಟಿಯೊಬ್ರು, ಸತ್ತ ಮಗನ ಅಂಗಿ ಒಗೆದು ಒಣಗಹಾಕೋ ಸೀನು, ಡೈಲಾಗೇ ಇಲ್ಲ, 3 ನಿಮಿಷ. ಆ ಮಗ ಇದ್ದ ಉಪಕಥೆ ಪೂರ್ತಿ ಹೋದ್ಮೇಲೆ ಆ ಅಮ್ಮ ಯಾರು ಅಂತಲೇ ಅರ್ಥ ಆಗಲ್ಲ. ತೆಗೆದೆ. ರಾತ್ರಿ ನಿದ್ದೆ ಬರ್ಲಿಲ್ಲ, ಬೆಳಿಗ್ಗೆ ಹೋಗಿ, ಕಥೆಯಲ್ಲಿನ ತಮ್ಮ ಬೀದಿಲಿ ಬೈಕಲ್ಲಿ ಹೋಗೋ ಶಾಟ್ ಪಕ್ಕ ಆ ಸೀನಿನ 20 ಸೆಕೆಂಡು ಇಟ್ಟೆ, ಅವನು ನೋಡಿ ಮುಂದೆ ಹೋಗ್ತಾನೆ ಅಷ್ಟೇ.

ಫೈನಲ್ 2 ಗಂಟೆ 24 ನಿಮಿಷ. ಅದೇ ಹುಡುಗನಿಗೆ ಮತ್ತೆ ತೋರಿಸ್ದೆ. ಈ ಸಲ 6ರಲ್ಲಿ 5 ಜನರ ಬಗ್ಗೆ ಸರಿಯಾಗಿ ಹೇಳಿದ. ಕೊನೆಗೆ, "ಅಣ್ಣ, ಆ ಬಟ್ಟೆ ಒಣಗಹಾಕೋ ಅಜ್ಜಿ ಅವನಮ್ಮಾನಾ?" ಅಂತ ಕೇಳಿದ.