ಗರಡಿ ಹುಡುಗರ ಬೆನ್ನಿಗೆ ಕಪ್ ಹಾಕುತ್ತಾ ಕಲಿತದ್ದು

ಬೆಳಗ್ಗೆ ಆರೂವರೆಗೆ ಗರಡಿ ಮನೆಯ ಬಾಗಿಲು ದಾಟಿದರೆ ಮೊದಲು ಮೂಗಿಗೆ ಬಡಿಯುವುದು ಕೆಮ್ಮಣ್ಣಿನ ವಾಸನೆ. ಎಣ್ಣೆ, ಅರಿಶಿನ, ಮಜ್ಜಿಗೆ ಎಲ್ಲ ಕಲಸಿ ಹದ ಮಾಡಿದ ಮಣ್ಣು. ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಸಂಜೆ ಕ್ಲಿನಿಕ್‌ಗೆ ಮಂಡಿನೋವು, ಸೊಂಟನೋವಿನವರು ಬರುತ್ತಾರೆ. ಕುಂದುವಾಡ ಕೆರೆ ಏರಿ ಮೇಲೆ ಓಡಿ ಮೀನಖಂಡ ಹಿಡಿಸಿಕೊಂಡವರೂ ಬರುತ್ತಾರೆ. ವಾರಕ್ಕೆ ಎರಡು ದಿನ ಬೆಳಗ್ಗೆ ಮಾತ್ರ ಗರಡಿಗೆ ಹೋಗುತ್ತೇನೆ. ಹಿಡಿದ ಸ್ನಾಯುವಿನ ಮೇಲೆ ಕಪ್ ಇಟ್ಟು, ಗಾಳಿ ತೆಗೆದು, ಚರ್ಮವನ್ನು ಮೇಲಕ್ಕೆ ಎಳೆಯುವ ಚಿಕಿತ್ಸೆಗೆ ಕಪ್ಪಿಂಗ್ ಅನ್ನುತ್ತಾರೆ. ಅದರ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ಕಲಿತದ್ದು.

ಮೊದಲ ದಿನ ನನ್ನ ಕಪ್ಪುಗಳನ್ನು ನೋಡಿ ಉಸ್ತಾದರು, “ಇದು ಕೊಂಬು ಹಾಕೋದಲ್ವಾ?” ಅಂದರು. ಹೌದು, ಅದೇ. ದನದ ಕೊಂಬಿನ ತುದಿಗೆ ತೂತು ಮಾಡಿ, ಅಗಲದ ಬಾಯಿಯನ್ನು ಮೈಮೇಲಿಟ್ಟು, ತುದಿಯಿಂದ ಗಾಳಿ ಎಳೆಯುತ್ತಿದ್ದರು. ಹಳೇ ಕಾಲದ ವೈದ್ಯ ಸುಶ್ರುತನೂ ರಕ್ತ ತೆಗೆಯಲು ಕೊಂಬು, ಸೋರೆಬುರುಡೆ, ಜಿಗಣೆ ಮೂರನ್ನೂ ಹೇಳಿದ್ದಾನೆ. ಹುಡುಗರಿಗೆ ಇದು ಗೊತ್ತಾಗಿದ್ದು ಬೇರೆ ದಾರಿಯಲ್ಲಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಭುಜದ ಮೇಲೆ ಕಡುಗೆಂಪು ಚಕ್ರಗಳಿದ್ದವು. ಆ ಫೋಟೋ ಇವತ್ತಿಗೂ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿದೆ. “ಸಾರ್, ಹಂಗೇ ಕಪ್ಪಗೆ ಆಗ್ಬೇಕು” ಅಂತ ಬೆನ್ನು ತೋರಿಸಿಕೊಂಡು ಬರುತ್ತಾರೆ.

ಆ ಕಲೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಕಪ್ಪಿನ ಒಳಗೆ ಗಾಳಿ ಕಡಿಮೆಯಾದಾಗ ಚರ್ಮ, ಅದರ ಕೆಳಗಿನ ಕೊಬ್ಬು ಎಲ್ಲ ಮೇಲಕ್ಕೆ ಎಳೆಯುತ್ತದೆ. ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಕೆಲವು ಒಡೆದು, ರಕ್ತ ಚರ್ಮದಡಿ ಹರಡುತ್ತದೆ. ಅಷ್ಟೇ. ಕೆಟ್ಟ ರಕ್ತ ಮೇಲೆ ಬಂತು, ವಿಷ ಹೊರಗೆ ಬಂತು ಅನ್ನುವುದು ನಿಜವಲ್ಲ. ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದಲ್ಲಿ ಮೈ ಅದನ್ನು ಹೀರಿಕೊಳ್ಳುತ್ತದೆ. ಕಲೆ ಕಪ್ಪಾದಷ್ಟೂ ಗುಣ ಜಾಸ್ತಿ ಅಂತಲೂ ಇಲ್ಲ. ಜಾಸ್ತಿ ಎಳೆದಿದ್ದೀರಿ ಅಂತ ಮಾತ್ರ ಅರ್ಥ. ಉಸ್ತಾದರಿಗೆ ಇದನ್ನು ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು.

ನನ್ನ ಹತ್ತಿರ ಇರುವುದು ಪ್ಲಾಸ್ಟಿಕ್ ಕಪ್‌ಗಳ ಸೆಟ್. ತಲೆಯಲ್ಲಿ ಸಣ್ಣ ವಾಲ್ವ್, ಅದಕ್ಕೆ ಸಿಕ್ಕಿಸುವ ಕೈಪಂಪು. ಗಾಜಿನ ಕಪ್ಪಿಗೆ ಬೆಂಕಿ ತೋರಿಸಿ ಇಡುವ ಪದ್ಧತಿಯೂ ಇದೆ, ನಾನು ಮಾಡುವುದಿಲ್ಲ. ಎಣ್ಣೆ ಹಚ್ಚಿದ ಮೈ, ಸ್ಪಿರಿಟ್ಟು, ಬೆಂಕಿ ಮೂರೂ ಒಂದೇ ಕಡೆ ಬೇಡ. ಚರ್ಮ ಗೀರಿ ರಕ್ತ ತೆಗೆಯುವ ಹಿಜಾಮಾ ಕೇಳಿದವರಿಗೆ, ಅದು ಕಲಿತ ಯುನಾನಿ ವೈದ್ಯರ ಕೆಲಸ, ನನ್ನದಲ್ಲ ಅಂತ ಹೇಳುತ್ತೇನೆ.

ಕುಸ್ತಿಯವರಿಗೆ ಜಾಸ್ತಿ ಹಿಡಿಯುವುದು ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಸ್ನಾಯು, ಹೆಗಲ ಮೂಳೆಯ ಅಂಚು, ಆಮೇಲೆ ಸೊಂಟದ ಎರಡೂ ಪಕ್ಕ. ಎದುರಾಳಿ ಕುತ್ತಿಗೆ ಮೇಲೆ ಭಾರ ಹಾಕಿ ಒತ್ತುತ್ತಲೇ ಇರುತ್ತಾನಲ್ಲ, ಅದರ ಫಲ. ಹುಡುಗನನ್ನು ಬೋರಲು ಮಲಗಿಸಿ ಮೊದಲು ಬೆಳಕಿನಲ್ಲಿ ಚರ್ಮ ನೋಡುತ್ತೇನೆ. ಒಬ್ಬರ ಮೈ ಒಬ್ಬರಿಗೆ ಉಜ್ಜುವ ಆಟ ಇದು, ಹುಳುಕಡ್ಡಿ ಬೇಗ ಹರಡುತ್ತದೆ. ದುಂಡಗೆ, ಅಂಚು ಕೆಂಪಗೆ, ನಡುವೆ ತಿಳಿಯಾದ ಮಚ್ಚೆ ಕಂಡರೆ ಆವತ್ತು ಕಪ್ ಇಲ್ಲ, ಚರ್ಮದ ಡಾಕ್ಟರ ಹತ್ತಿರ ಹೋಗು ಅಂತ ಕಳಿಸುತ್ತೇನೆ. ಅದರ ಮೇಲೆ ಇಟ್ಟ ಕಪ್ಪನ್ನೇ ಇನ್ನೊಬ್ಬನಿಗೆ ಇಟ್ಟರೆ ಇಡೀ ಗರಡಿಗೆ ನಾನೇ ಹಂಚಿದ ಹಾಗೆ. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಕಪ್ ಸೋಪಿನಲ್ಲಿ ತೊಳೆದು, ಔಷಧಿ ನೀರಿನಲ್ಲಿ ನೆನೆಸಿ, ಒರೆಸಿ ಇಡಬೇಕು. ವಾಲ್ವಿನ ಸಂದಿಯಲ್ಲಿ ಎಣ್ಣೆ ಜಿಡ್ಡು ಕೂರುತ್ತದೆ, ಹಳೇ ಬ್ರಷ್ಷಿನಲ್ಲಿ ತಿಕ್ಕಿದರೆ ಮಾತ್ರ ಹೋಗುತ್ತದೆ.

ಹೊಸ ಏಟಿಗೂ ಕಪ್ ಇಡಬಾರದು. ನಿನ್ನೆ ಆಡುವಾಗ ‘ಟಕ್’ ಅಂತು, ಇವತ್ತು ಊದಿದೆ ಅಂದರೆ ಅಲ್ಲಿ ಸ್ನಾಯು ಹರಿದಿರಬಹುದು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಬೇಡವೇ ಬೇಡ, ಕಾಲಿನ ನರ ಗಂಟುಗಟ್ಟಿದವರಿಗೆ ಆ ಜಾಗದಲ್ಲಿ ಬೇಡ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ನಾನು ಕೈಯನ್ನೂ ಹಾಕುವುದಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಕಳಿಸುತ್ತೇನೆ.

ಚರ್ಮ ಸರಿಯಿದ್ದರೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಕಪ್ ಇಡುತ್ತೇನೆ. ಪಂಪನ್ನು ಒಂದು ಸಲ ಎಳೆದರೆ ಚರ್ಮ ಒಳಗೆ ಸಣ್ಣ ಬನ್ನಿನ ಹಾಗೆ ಉಬ್ಬುತ್ತದೆ. ಎರಡನೇ ಎಳೆತಕ್ಕೆ ಗುಲಾಬಿ ಬಣ್ಣ ಬರುತ್ತದೆ. ಮೊದಲ ಸಲದವರಿಗೆ ಅಲ್ಲಿಗೇ ನಿಲ್ಲಿಸುತ್ತೇನೆ. ಬೆನ್ನುಮೂಳೆ ಮೇಲೆ ಇಡುವುದಿಲ್ಲ. ಎಲುಬಿನ ಮೇಲೆ ಕಪ್ ಕೂರುವುದೂ ಇಲ್ಲ, ಒಂದು ಕಡೆಯಿಂದ ಗಾಳಿ ನುಗ್ಗಿ ‘ಟಪ್’ ಅಂತ ಬಿದ್ದುಹೋಗುತ್ತದೆ. ಕೂದಲು ಜಾಸ್ತಿ ಇದ್ದರೂ ಅಷ್ಟೇ. ಮೊದಲ ಸಲ ಮೂರು ನಿಮಿಷ, ಆಮೇಲೆ ಐದು, ಎಂಟು. ಹತ್ತು ದಾಟುವುದಿಲ್ಲ.

ಈ ನಿಮಿಷದ ಲೆಕ್ಕ ನನಗೆ ಬಂದದ್ದು ಒಂದು ತಪ್ಪಿನಿಂದ. ಶುರುವಿನ ದಿನಗಳು. ದುಗ್ಗಮ್ಮನ ಜಾತ್ರೆ ಹತ್ತಿರ ಬಂದಿತ್ತು. ನಮ್ಮೂರಲ್ಲಿ ಅದು ಎರಡು ವರ್ಷಕ್ಕೊಮ್ಮೆ, ಅಲ್ಲಿ ಅಖಾಡಕ್ಕೆ ಇಳಿಯಬೇಕು ಅನ್ನುವುದು ಗರಡಿಯ ಪ್ರತಿ ಹುಡುಗನ ಆಸೆ. ಒಬ್ಬ ಹುಡುಗನ ಹೆಗಲಿಗೆ ನಾಲ್ಕು ಕಪ್ ಇಟ್ಟು, ಗಟ್ಟಿಯಾಗಿ ಎಳೆದು, ಇನ್ನೊಬ್ಬನ ಮಂಡಿ ನೋಡಲು ಹೋದೆ. ಮಾತಿಗೆ ಮಾತು ಬೆಳೆಯಿತು. ಸುಸ್ತಾಗಿದ್ದ ಹುಡುಗ ಹಾಗೇ ನಿದ್ದೆ ಹೋಗಿದ್ದ. ನೆನಪಾಗಿ ವಾಪಸ್ ಬಂದಾಗ ಇಪ್ಪತ್ತು ನಿಮಿಷ ಕಳೆದಿತ್ತು. ಕಪ್ ತೆಗೆದರೆ ಕೆಳಗೆ ನೇರಳೆ ಹಣ್ಣಿನ ಬಣ್ಣ, ಒಂದರಲ್ಲಿ ಅಂಚಿನುದ್ದಕ್ಕೂ ನೀರುಗುಳ್ಳೆ. ಎರಡನೇ ದಿನ ಗುಳ್ಳೆ ಒಡೆದು ಹಸಿ ಗಾಯವಾಯಿತು. ಹಸಿ ಗಾಯ ಇಟ್ಟುಕೊಂಡು ಮಣ್ಣಿಗೆ ಇಳಿಯುವ ಹಾಗಿಲ್ಲ. ಹನ್ನೊಂದು ದಿನ ಅವನು ಮಣ್ಣಿನ ಅಂಚಿನಲ್ಲಿ ನಿಂತು ಬರೀ ಬಸ್ಕಿ ಹೊಡೆದ. ಆ ಜಾತ್ರೆಗೆ ಅವನ ಜೋಡಿ ಕಟ್ಟಲಿಲ್ಲ. ಅವನ ಮನೆಗೆ ಹೋಗಿ ತಪ್ಪು ನನ್ನದು ಅಂತ ಹೇಳಿದೆ. ಅವನ ತಾಯಿ ಬೈಯಲಿಲ್ಲ. “ಇನ್ಮೇಲೆ ಗಡಿಯಾರ ಇಟ್ಕೊಂಡು ಮಾಡಪ್ಪಾ” ಅಂದರು. ಅಂದಿನಿಂದ ಟೈಮರ್ ಒತ್ತದೆ ಒಂದು ಕಪ್ಪನ್ನೂ ಇಟ್ಟಿಲ್ಲ. ಕಪ್ ಮೈಮೇಲೆ ಇರುವಷ್ಟು ಹೊತ್ತು ಆ ಮಂಚ ಬಿಟ್ಟು ಹೋಗಿಲ್ಲ.

ಕಪ್ ತೆಗೆದ ಮೇಲಿನ ಅರ್ಧ ಗಂಟೆಯೇ ನನಗೆ ಮುಖ್ಯ. ಆಗ ನೋವು ಸ್ವಲ್ಪ ಇಳಿದಿರುತ್ತದೆ, ಬಿಗಿ ಸಡಿಲವಾದ ಹಾಗೆ ಅನಿಸುತ್ತದೆ. ಸುಮ್ನೆ ಶರ್ಟ್ ಹಾಕಿಕೊಂಡು ಮನೆಗೆ ಹೋದರೆ ಮಾರನೇ ದಿನಕ್ಕೆ ಮೊದಲಿನ ಹಾಗೇ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ, ಟೇಪು ಹಿಡಿದು ಅಳೆಯುತ್ತೇನೆ. ಕೈ ಬೆನ್ನ ಹಿಂದೆ ತಂದು ಹೆಬ್ಬೆರಳು ಎಲ್ಲಿವರೆಗೆ ಏರುತ್ತದೆ, ಬಗ್ಗಿದರೆ ಬೆರಳಿಗೂ ನೆಲಕ್ಕೂ ಎಷ್ಟು ಅಂತರ. ಕಪ್‌ಗೆ ಮೊದಲು ಒಂದು ಸಲ, ಆದ ಮೇಲೆ ಒಂದು ಸಲ, ಮುಂದಿನ ಸಲ ಬಂದಾಗ ಮತ್ತೆ. ಕಪ್ ತೆಗೆದ ಕೂಡಲೇ ತೋಳು ತಿರುಗಿಸಿ, ಹೆಗಲು ಹಿಂದಕ್ಕೆ ಎಳೆಯುವ ಸಾಮು ಮಾಡಿದವರ ಲೆಕ್ಕ ಪುಸ್ತಕದಲ್ಲಿ ನಿಧಾನವಾಗಿ ಏರಿದೆ. ಕಪ್ ಮಾತ್ರ ಹಾಕಿಸಿಕೊಂಡವರದು ಏರಿ ಇಳಿದಿದೆ. ಕಪ್ಪಿಂಗ್‌ನಿಂದ ಸ್ನಾಯು ಬೇಗ ಸುಧಾರಿಸುತ್ತದೆ ಅನ್ನಲು ಗಟ್ಟಿ ಪುರಾವೆ ಇನ್ನೂ ಇಲ್ಲ, ಇದನ್ನು ಹುಡುಗರಿಗೂ ಹೇಳುತ್ತೇನೆ. ನಿದ್ದೆ, ಊಟ, ನೀರು, ಒಂದು ದಿನ ಬಿಡುವು, ಇವುಗಳ ಜಾಗದಲ್ಲಿ ಕಪ್ ಕೂರಲ್ಲ.

ಕುಸ್ತಿಯ ಹಿಂದಿನ ದಿನ ಯಾರೇ ಕೇಳಿದರೂ ನಾನು ಹಾಕುವುದಿಲ್ಲ. ಕಪ್ ಇಟ್ಟ ಜಾಗ ಮುಟ್ಟಿದರೆ ನೋಯುತ್ತದೆ, ಎದುರಾಳಿ ಅಲ್ಲೇ ಹಿಡಿಯುತ್ತಾನೆ. ಕೊನೇ ಪಕ್ಷ ಮೂರು ದಿನ ಮುಂಚೆ, ಅದೂ ಮೆತ್ತಗೆ. ಆವತ್ತು ಸ್ನಾನದಲ್ಲಿ ಕಲೆಯ ಮೇಲೆ ತಿಕ್ಕಬಾರದು.

ಗುಳ್ಳೆ ಎದ್ದಿದ್ದ ಹುಡುಗ ಈಗಲೂ ಬರುತ್ತಾನೆ. ಹೆಗಲ ಮೇಲೆ ಆ ಕಲೆ ತೆಳ್ಳಗೆ ಉಳಿದಿದೆ, ಅದನ್ನು ಬಿಟ್ಟು ಪಕ್ಕಕ್ಕೆ ಇಡುತ್ತೇನೆ. ಮೊನ್ನೆ ಐದು ನಿಮಿಷಕ್ಕೆ ಟೈಮರ್ ಕೂಗಿತು, ವಾಲ್ವ್ ಎತ್ತಿದೆ, ‘ಟುಸ್’ ಅಂತ ಗಾಳಿ ಒಳಹೋಯಿತು. ನಾನು ಹೇಳುವ ಮೊದಲೇ ಎದ್ದು ಗೋಡೆ ಪಕ್ಕ ನಿಂತು ತೋಳು ತಿರುಗಿಸಲು ಶುರು ಮಾಡಿದ. ಆಮೇಲೆ ಬೆನ್ನು ತಿರುಗಿಸಿ, “ಅಳೀರಿ ಸಾರ್” ಅಂದ. ಹೆಬ್ಬೆರಳು ಎರಡು ಬೆರಳಷ್ಟು ಮೇಲೆ ಬಂದಿತ್ತು. ಪುಸ್ತಕದಲ್ಲಿ ಬರೆದುಕೊಂಡೆ, ಪಕ್ಕದ ಖಾನೆಯನ್ನು ಗುರುವಾರಕ್ಕೆ ಖಾಲಿ ಬಿಟ್ಟೆ.