ಮರಿಯಾಗದ ಮೊಟ್ಟೆಗಳ ಲೆಕ್ಕ: ಕುಕ್ಕುಟ ಸಂಘದ ಕಾವುಪೆಟ್ಟಿಗೆ ಅನುಭವ

ಪಶುವೈದ್ಯಕೀಯ ಕಾಲೇಜಿನ ಕುಕ್ಕುಟ ವಿಜ್ಞಾನ ಸಂಘ ಅಂದರೆ ಅಕ್ಟೋಬರಿನ ಎರಡನೇ ಶುಕ್ರವಾರ ವಿಶ್ವ ಮೊಟ್ಟೆ ದಿನದ ಬ್ಯಾನರ್ ಕಟ್ಟಿ, ಬೇಯಿಸಿದ ಮೊಟ್ಟೆ ಹಂಚಿ, ರಸಪ್ರಶ್ನೆ ನಡೆಸುವ ಗುಂಪು ಎಂದುಕೊಂಡವರು ಬಹಳ. ಅದೂ ಇದೆ. ಆದರೆ ವಿದ್ಯಾರ್ಥಿಗಳಿಗೆ ನಿಜವಾಗಿ ಕೆಲಸ ಕಲಿಸುವುದು ಮೂಲೆಯಲ್ಲಿರುವ ಚಿಕ್ಕ ಕಾವುಪೆಟ್ಟಿಗೆ. ಅದರಲ್ಲೂ ಇಪ್ಪತ್ತೊಂದು ದಿನ ಕಳೆದ ಮೇಲೆ ಟ್ರೇಯಲ್ಲಿ ಮರಿಯಾಗದೆ ಉಳಿದ ಮೊಟ್ಟೆಗಳು. ನಮ್ಮ ಸಂಘದಲ್ಲಿ ಪ್ರತಿ ಬ್ಯಾಚನ್ನೂ ಆ ಮೊಟ್ಟೆಗಳನ್ನು ಒಡೆದು ಓದುವುದಕ್ಕೆಂದೇ ಯೋಜಿಸುತ್ತೇವೆ.

ಓದಲು ಬರಬೇಕಾದರೆ ಮೊದಲ ದಿನವೇ ದಾಖಲೆ ಬೇಕು. ಮೊಟ್ಟೆಯ ಮೇಲೆ ಪೆನ್ಸಿಲ್‌ನಿಂದ ಸಂಖ್ಯೆ, ಇಟ್ಟ ದಿನಾಂಕ, ಯಾವ ಗೂಡಿನದು ಎಂಬ ಗುರುತು ಹಾಕುತ್ತೇವೆ. ಮಾರ್ಕರ್ ಬೇಡ, ಅದರ ದ್ರಾವಕ ಚಿಪ್ಪಿನ ರಂಧ್ರಗಳಿಂದ ಒಳಗಿಳಿಯಬಹುದು. ತೂಕ 50ರಿಂದ 60 ಗ್ರಾಂ ಇರಲಿ. ತೀರಾ ಉದ್ದದ್ದು, ತೀರಾ ದುಂಡನೆಯದು, ಕೂದಲೆಳೆ ಬಿರುಕಿನದು, ಕೊಳೆ ಹತ್ತಿದ್ದು ಪಕ್ಕಕ್ಕೆ. ಕೊಳೆ ಮೊಟ್ಟೆಯನ್ನು ತಣ್ಣೀರಲ್ಲಿ ತೊಳೆದು ಇಡುವ ಯೋಚನೆ ಹೊಸಬರಿಗೆ ತಪ್ಪದೆ ಬರುತ್ತದೆ. ತಣ್ಣೀರಿಗೆ ಒಳಗಿನ ದ್ರವ ಕುಗ್ಗಿ, ಹೊರಗಿನ ಕೊಳೆನೀರು ರಂಧ್ರಗಳ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತದೆ. ಹತ್ತನೇ ದಿನದ ಹೊತ್ತಿಗೆ ಅಂಥದೊಂದು ಮೊಟ್ಟೆ ಕಾವುಪೆಟ್ಟಿಗೆಯಲ್ಲಿ ಸಿಡಿದರೆ ಅಕ್ಕಪಕ್ಕದ ಹತ್ತು ಮೊಟ್ಟೆಗಳೂ ಹಾಳು, ವಾಸನೆ ಬೇರೆ.

ಗಿರಿರಾಜ ಹಕ್ಕಿಯ ಮೊಟ್ಟೆಗಳು ಬೇಕಾದರೆ ಮೂಲ ತಳಿ ಸಾಕಿರುವ ಫಾರಂನಿಂದಲೇ ತರಬೇಕು. ಹಳ್ಳಿಯಲ್ಲಿ ಗಿರಿರಾಜ ಹುಂಜಕ್ಕೆ ಗಿರಿರಾಜ ಹೇಂಟೆ ಬಿಟ್ಟು ಪಡೆದ ಮೊಟ್ಟೆಯಿಂದ ಅದೇ ತೂಕದ, ಅದೇ ಗುಣದ ಮರಿ ಬರುತ್ತದೆಂದು ನಂಬಬಾರದು, ಅದು ಮಿಶ್ರತಳಿ. ಹತ್ತು ಹೇಂಟೆಗೆ ಒಂದು ಹುಂಜದ ಲೆಕ್ಕ ಸರಿಯಿದೆಯೇ ಎಂದು ಮೊಟ್ಟೆ ತರುವಾಗಲೇ ಕೇಳಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ಕಾವಿಗಿಡುವ ಮುಂಚೆ ಮೊಟ್ಟೆ ಕೂಡಿಡಲು 15ರಿಂದ 18 ಡಿಗ್ರಿ ಸೆಲ್ಸಿಯಸ್ ಬೇಕು, ಅಗಲ ತುದಿ ಮೇಲೆ. ಹಾಗಿದ್ದರೆ ಏಳು ದಿನದವರೆಗೆ ಚಿಂತೆಯಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಕೋಣೆಯ ಉಷ್ಣತೆಯಲ್ಲೇ ಇಟ್ಟರೆ ಮೂರು ನಾಲ್ಕು ದಿನ ಸಾಕು, ಏಕೆಂದರೆ ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿಯಲ್ಲಿ ಭ್ರೂಣ ಪೂರ್ತಿ ಮಲಗುವುದೂ ಇಲ್ಲ, ಸರಿಯಾಗಿ ಬೆಳೆಯುವುದೂ ಇಲ್ಲ. ತಂಪಿನಿಂದ ತೆಗೆದ ಮೊಟ್ಟೆಯನ್ನು ನೇರ ಪೆಟ್ಟಿಗೆಗೆ ಹಾಕಬಾರದು. ಆರೆಂಟು ಗಂಟೆ ಹೊರಗಿಟ್ಟು, ಬೆವರು ಮೂಡಿದ್ದರೆ ತಾನಾಗಿ ಒಣಗಲು ಬಿಡಬೇಕು. ಒರೆಸಬಾರದು.

ರೋಗಾಣು ಕೊಲ್ಲಲು ಫಾರ್ಮಲಿನ್ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಹೊಗೆ ಪಠ್ಯದಲ್ಲಿದೆ: 100 ಘನ ಅಡಿಗೆ ಫಾರ್ಮಲಿನ್ 40 ಮಿಲಿ, ಪರ್ಮಾಂಗನೇಟ್ 20 ಗ್ರಾಂ. ವಿದ್ಯಾರ್ಥಿಗಳು ಓಡಾಡುವ ಕೋಣೆಯಲ್ಲಿ ನಾವು ಅದನ್ನು ಮಾಡುವುದಿಲ್ಲ. ಖಾಲಿ ಪೆಟ್ಟಿಗೆಗೆ ಕ್ವಾಟರ್ನರಿ ಅಮೋನಿಯಂ ಎಂಬ ಸೋಂಕುನಿವಾರಕದ ದ್ರಾವಣ ಸಿಂಪಡಿಸಿ ಒಣಗಿಸಿದರೆ ಸಾಕಾಗುತ್ತದೆ.

ಮೊಟ್ಟೆ ತುಂಬುವ ಮುಂಚೆ ಉಪಕರಣಗಳ ಪರೀಕ್ಷೆ. ಸುಮಾರು 38 ಡಿಗ್ರಿ ನೀರಿನ ಲೋಟದಲ್ಲಿ ಪೆಟ್ಟಿಗೆಯ ಥರ್ಮಾಮೀಟರನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಟ್ಟಿಗೆ ಹಿಡಿದು ವ್ಯತ್ಯಾಸ ಬರೆದಿಡುತ್ತೇವೆ. ಆರ್ದ್ರತಾ ಮಾಪಕವನ್ನು ಒದ್ದೆ ಉಪ್ಪಿನ ಬಟ್ಟಲಿನ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ 75 ತೋರಿಸಬೇಕು. ಅಗ್ಗದ ಡಿಜಿಟಲ್ ಮಾಪಕಗಳು ಇಲ್ಲೇ ಸಿಕ್ಕಿಬೀಳುತ್ತವೆ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ. ಫ್ಯಾನ್ ಇಲ್ಲದ್ದಕ್ಕೆ ಮೊಟ್ಟೆಯ ಮೇಲ್ಮೈ ಮಟ್ಟದಲ್ಲಿ ಅಳೆದು ಸುಮಾರು 38.6, ಏಕೆಂದರೆ ಅಲ್ಲಿ ಗಾಳಿ ಪದರ ಪದರವಾಗಿ ನಿಲ್ಲುತ್ತದೆ. ಕೈಯಿಂದ ತಿರುಗಿಸುವುದಾದರೆ ದಿನಕ್ಕೆ ಮೂರೋ ಐದೋ ಸಲ. ಬೆಸ ಸಂಖ್ಯೆ ಯಾಕೆಂದರೆ ದೀರ್ಘ ರಾತ್ರಿಯ ಹೊತ್ತು ಮೊಟ್ಟೆ ಒಂದೇ ಮಗ್ಗುಲಿಗೆ ಮತ್ತೆ ಮತ್ತೆ ಬೀಳಬಾರದು. ಹದಿನೆಂಟನೇ ದಿನ ತಿರುಗಿಸುವುದು ನಿಲ್ಲುತ್ತದೆ.

ಆರ್ದ್ರತೆಯ ವಿಷಯದಲ್ಲಿ ಮಾಪಕಕ್ಕಿಂತ ತಕ್ಕಡಿಯೇ ವಾಸಿ. ಹದಿನೆಂಟು ದಿನಕ್ಕೆ ಮೊಟ್ಟೆ ತನ್ನ ತೂಕದ 11ರಿಂದ 13 ಶೇಕಡಾ ಕಳೆದುಕೊಳ್ಳಬೇಕು. 30 ಮೊಟ್ಟೆಯ ಟ್ರೇ, ಟ್ರೇ ತೂಕ ಬಿಟ್ಟು 1,680 ಗ್ರಾಂ ಇದ್ದರೆ, 12 ಶೇಕಡಾ ಹಿಡಿದು ಏಳನೇ ದಿನಕ್ಕೆ ಸುಮಾರು 78 ಗ್ರಾಂ, ಹದಿನೆಂಟನೇ ದಿನಕ್ಕೆ ಸುಮಾರು 200 ಗ್ರಾಂ ಇಳಿದಿರಬೇಕು. ಇಳಿತ ಕಡಿಮೆಯಾದರೆ ನೀರಿನ ಆಳ ಕಡಿಮೆ ಮಾಡಿ ಪ್ರಯೋಜನವಿಲ್ಲ, ತಟ್ಟೆಯ ಅಗಲ ಕಡಿಮೆ ಮಾಡಬೇಕು, ಆವಿಯಾಗುವುದು ಮೇಲ್ಮೈಯಿಂದ. ಮಳೆಗಾಲದಲ್ಲಿ ಎಷ್ಟೋ ಸಲ ತಟ್ಟೆಯನ್ನು ಪೂರ್ತಿ ತೆಗೆದಿಡಬೇಕಾಗುತ್ತದೆ. ಕೊನೆಯ ಮೂರು ದಿನ ಮಾತ್ರ 65–75 ಶೇಕಡಾ ಆರ್ದ್ರತೆ ಬೇಕು, ಆಗ ಮುಚ್ಚಳ ತೆಗೆಯಲೇಬಾರದು. ಅದಕ್ಕೆ ಕುತೂಹಲಿಗಳನ್ನು ತಡೆಯಲು ಒಬ್ಬರನ್ನು ಕಾವಲಿಡುವುದು ಲೇಸು.

ಇನ್ನು ಒಡೆಯುವ ಕೆಲಸ. ಅದು ಎರಡು ಕಂತಿನಲ್ಲಿ ಆಗಬೇಕು. ಏಳನೇ ದಿನ ಕ್ಯಾಂಡ್ಲಿಂಗ್‌ನಲ್ಲಿ, ಅಂದರೆ ಬೆಳಕಿಗೆ ಹಿಡಿದು ನೋಡುವಾಗ, ಖಾಲಿಯಾಗಿ ಕಂಡ ಮೊಟ್ಟೆಗಳನ್ನು ಅಂದೇ ಒಡೆಯಿರಿ. ಇಪ್ಪತ್ತೊಂದು ದಿನ ಕಾದರೆ ಹಳದಿ ನೀರಾಗಿ, ಫಲಿತವಾಗದ ಬಂಜೆ ಯಾವುದು, ಫಲಿತವಾಗಿ ಬೇಗ ಸತ್ತದ್ದು ಯಾವುದು ಹೇಳಲಾಗದು. ಅಗಲ ತುದಿಯಲ್ಲಿ ಚಿಪ್ಪು ತೆಗೆದು ಹಳದಿಯ ಮೇಲೆ ನೋಡಿ. ಎರಡು ಮೂರು ಮಿಲಿಮೀಟರಿನ, ಅಂಚು ಹರಿದಂಥ ದಟ್ಟ ಬಿಳಿ ಚುಕ್ಕೆ ಇದ್ದರೆ ಬಂಜೆ. ಅದಕ್ಕಿಂತ ಅಗಲವಾಗಿ ಕೆನೆಯಂತೆ ಹರಡಿದ್ದರೆ, ಇಲ್ಲವೇ ರಕ್ತದ ಉಂಗುರವಿದ್ದರೆ ಫಲಿತವಾಗಿ ಸತ್ತದ್ದು. ಮೊದಲನೆಯದಕ್ಕೆ ಹುಂಜವನ್ನು ವಿಚಾರಿಸಬೇಕು, ಎರಡನೆಯದಕ್ಕೆ ಮೊಟ್ಟೆ ಕೂಡಿಟ್ಟ ರೀತಿಯನ್ನು, ಸಾಗಿಸಿದ ಗಾಡಿಯನ್ನು, ಮೊದಲ ದಿನಗಳ ಉಷ್ಣತೆಯನ್ನು. ಈ ಎರಡನ್ನು ಬೆರೆಸಿ 'ಮೊಟ್ಟೆ ಸರಿಯಿರಲಿಲ್ಲ' ಎಂದು ಬರೆಯುವುದೇ ಹೆಚ್ಚಿನ ವರದಿಗಳ ರೋಗ.

ಎರಡನೇ ಕಂತು ಇಪ್ಪತ್ತೆರಡನೇ ದಿನ ಸಂಜೆ. ಮೊದಲು ಪ್ರತಿ ಮೊಟ್ಟೆಯನ್ನೂ ಕಿವಿಗೆ ಹಿಡಿದು, ಬೆಳಕಿಗೆ ಹಿಡಿದು ಚಲನೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಸಂದೇಹವಿದ್ದರೆ ಅಧ್ಯಾಪಕರಿಗೆ ತೋರಿಸಿ. ಕೈಗವಸು, ಮುಖಗವಸು ಕಡ್ಡಾಯ. ವಯಸ್ಸು ಗುರುತಿಸಲು ಗುರುತುಗಳಿವೆ: ಕಪ್ಪು ಕಣ್ಣು ಎದ್ದು ಕಂಡು ಮೈಯಲ್ಲಿ ಗರಿಯ ಸುಳಿವಿಲ್ಲದಿದ್ದರೆ ಮೊದಲ ವಾರ, ಮೈಗೆ ನಯಗರಿ ಬರುತ್ತಿದ್ದರೆ ಎರಡನೇ ವಾರ, ಹಳದಿಚೀಲ ಹೊಟ್ಟೆಗೆ ಎಳೆದುಕೊಳ್ಳುತ್ತಿದ್ದರೆ ಹತ್ತೊಂಬತ್ತನೇ ದಿನದ ಆಸುಪಾಸು.

ಎರಡನೇ ವಾರದ ಸಾವು ಸಾಮಾನ್ಯವಾಗಿ ಕಡಿಮೆ. ಅದು ಹೆಚ್ಚಿದ್ದು, ನಯಗರಿ ಗಂಟುಗಂಟಾಗಿ ಸುರುಳಿಯಾಗಿದ್ದರೆ ತಾಯಿಕೋಳಿಯ ಆಹಾರದಲ್ಲಿ ರೈಬೋಫ್ಲೇವಿನ್ (ಬಿ2 ಜೀವಸತ್ವ) ಸಾಲದು; ಕಾವುಪೆಟ್ಟಿಗೆಯನ್ನು ಬೈದು ಫಲವಿಲ್ಲ. ಕೊನೆಯ ವಾರದ್ದೇ ಹೆಚ್ಚು ಹೇಳುತ್ತದೆ. ಮರಿ ಊದಿ ಒದ್ದೆಯಾಗಿ, ಅಗಲ ತುದಿಯ ಗಾಳಿಕೋಶ ಕಿರಿದಾಗಿದ್ದರೆ ನೀರು ಜಾಸ್ತಿಯಾಗಿತ್ತು, ತೂಕದ ಪಟ್ಟಿ ಅದನ್ನೇ ಹೇಳುತ್ತಿರುತ್ತದೆ. ಪೊರೆ ಒಣಗಿ ಮೈಗೆ ಅಂಟಿದ್ದರೆ ಕೊನೆಯ ದಿನಗಳಲ್ಲಿ ಯಾರೋ ಮುಚ್ಚಳ ತೆಗೆಯುತ್ತಿದ್ದರು. ತಲೆ ಕಿರಿದಾದ ತುದಿಯಲ್ಲಿದ್ದರೆ ಆ ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟಿರಬಹುದು. ಹುಟ್ಟಿದ ಮರಿಗಳೂ ಸಾಕ್ಷಿ ನುಡಿಯುತ್ತವೆ: ಇಪ್ಪತ್ತನೇ ದಿನವೇ ಹೊರಬಂದು ಹೊಕ್ಕುಳು ಮಾಗದಿದ್ದರೆ ಉಷ್ಣತೆ ಜಾಸ್ತಿ.

ಲೆಕ್ಕ ಬರೆಯುವಾಗ ಎರಡು ಶೇಕಡಾ ಬೇರೆ ಬೇರೆ ಇರಲಿ. 100 ಇಟ್ಟು, 88 ಫಲಿತವಾಗಿ, 74 ಮರಿ ಬಂದರೆ ಒಟ್ಟು ಮೊಟ್ಟೆಗೆ 74, ಫಲಿತ ಮೊಟ್ಟೆಗೆ 84.1. ಮೊದಲ ಅಂಕಿಯಲ್ಲಿ ಫಾರಂನ ಹೊಣೆಯೂ ಸೇರಿದೆ, ಎರಡನೆಯದರಿಂದ ಬಂಜೆ ಮೊಟ್ಟೆಗಳ ಹೊರೆ ಕಳೆಯುತ್ತದೆ. ವಿದ್ಯುತ್ ಹೋದ ಸಮಯವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಒಂದೆರಡು ಗಂಟೆ ಹೋದರೆ ಮುಚ್ಚಳ ತೆಗೆಯದಿದ್ದರೆ ಸಾಕು, ಹೆಚ್ಚಿನ ಹಾನಿಯಿಲ್ಲ. ಆದರೆ ಮೊಟ್ಟೆ ತುಂಬಿದ ಪೆಟ್ಟಿಗೆಯಲ್ಲಿ ಕೊನೆಯ ದಿನಗಳಲ್ಲಿ ಭ್ರೂಣಗಳೇ ಶಾಖ ಹೊರಬಿಡುವುದರಿಂದ, ಫ್ಯಾನ್ ನಿಂತರೆ ತಣ್ಣಗಾಗುವುದಕ್ಕಿಂತ ಉಸಿರುಗಟ್ಟುವ ಭಯವೇ ದೊಡ್ಡದು. ಆಗ ಗಾಳಿಕಿಂಡಿ ಪೂರ್ತಿ ತೆರೆಯಬೇಕು.

ಒಡೆದದ್ದನ್ನೆಲ್ಲ ಸುಣ್ಣ ಹಾಕಿದ ಗುಂಡಿಯಲ್ಲಿ ಆಳವಾಗಿ ಹೂಳಿ. ನಾಯಿ ತೋಡುವಂತೆ ಮೇಲುಮೇಲೆ ಬೇಡ. ಟ್ರೇಗಳನ್ನು ಮೊದಲು ಸೋಪುನೀರಿನಲ್ಲಿ ಉಜ್ಜಿ, ಆಮೇಲಷ್ಟೇ ಸೋಂಕುನಿವಾರಕದಲ್ಲಿ ನೆನೆಸಿ. ನಯಗರಿ, ಒಣಗಿದ ಲೋಳೆ ಅಂಟಿದ್ದಾಗ ಎಂಥ ಔಷಧವೂ ಕೆಳಗಿನ ರೋಗಾಣುವಿಗೆ ತಲುಪುವುದಿಲ್ಲ. ಮುಂದಿನ ಬ್ಯಾಚಿಗೆ ಪೆಟ್ಟಿಗೆ ಪೂರ್ತಿ ಒಣಗಿರಬೇಕು, ಮೂಲೆಗಳಲ್ಲೂ.